ಕೂಲರಿನ ಚಪ್ಪಲಿ

ಈ ಸಲ ಶಿವರಾತ್ರಿ ಕಳೆದ ವಾರ ಲ್ಯಾಬಿನ ಸಾಮಾನು ತರಲು ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಿದ್ದೆ. ಸಾಮಾನು ಕಟ್ಟಿಸಿಕೊಂಡು ಬಸ್ ನಿಲ್ದಾಣದ ಕಡೆ ಹೊರಟವಳು ಒಂದು ಕೂಲರ್ ಅಂಗಡಿಯ ಮುಂದೆ ನಿಂತುಬಿಟ್ಟೆ. ಅಂಗಡಿಯವನು ಹೊಸ ಹುಲ್ಲು ತುಂಬಿದ ಕೂಲರುಗಳನ್ನು ರಸ್ತೆ ಬದಿಗೆ ಸಾಲಾಗಿ ಇಳಿಸಿ, ಒಂದೊಂದಕ್ಕೂ ಚೊಂಬಿನಿಂದ ನೀರು ಎರಚುತ್ತಿದ್ದ. ಒಣಗಿದ ಆ ಹುಲ್ಲಿಗೆ ಮೊದಲ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಬಳ್ಳಾರಿಯವರಿಗೆ ಅದು ಮೂಗಿಗೆ ಬಿದ್ದರೆ ಸಾಕು, ಅರ್ಧ ಸೆಕೆ ಇಳಿದ ಹಾಗೆ. ನಾನು ಮೂಗು ಮುಚ್ಚಿಕೊಂಡೆ. ಆ ವಾಸನೆಯ ಜೊತೆ ನನಗೆ ನೆನಪಾಗುವುದು ಒರೆಸಿದ ನೆಲ, ನೀಲಿ ಪಟ್ಟಿಯ ಒಂದು ಜೊತೆ ಹವಾಯಿ ಚಪ್ಪಲಿ ಮತ್ತು ನಾನು ಹೇಳಿದ ಒಂದು ಸುಳ್ಳು.

ಮೂರು ವರ್ಷದ ಹಿಂದಿನ ಬೇಸಿಗೆ ಅದು. ಬಳ್ಳಾರಿಯ ಒಂದು ಖಾಸಗಿ ಲ್ಯಾಬಿನಲ್ಲಿ ನನಗೆ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ ಸಿಕ್ಕಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು ಬಾಡಿಗೆ ಮನೆ ಹುಡುಕಿ ನೋಡಿರಲಿಲ್ಲ ಅಂತ ಕಾಣುತ್ತದೆ. ಅದರಲ್ಲೂ ನಮ್ಮ ಕೇರಿಯವರಾಗಿ ಹುಡುಕಿರಲಿಲ್ಲ. ದೇಶನೂರಿನ ನಮ್ಮ ಮನೆಯ ಗೋಡೆಯ ಮೇಲೆ ದೇವರಿಲ್ಲ, ಬುದ್ಧನ ಫೋಟೊ ಇದೆ. ಬಳ್ಳಾರಿಯಲ್ಲಿ ನಾನು ನೋಡಿದ ಐದು ಮನೆಗಳಲ್ಲೂ ಮಾಲೀಕರು ನೀರು, ಕರೆಂಟು, ಗೇಟು ಎಲ್ಲ ತೋರಿಸಿ, ಕೊನೆಗೆ ಏನೋ ಮರೆತವರ ಹಾಗೆ, ನೀವು ಯಾವ ಮಂದಿ ಅಂತ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಮನೆಯಲ್ಲಿ ಕೇಳಿ ತಿಳಿಸ್ತೀವಿ ಅನ್ನುತ್ತಿದ್ದರು. ಆ ಐದೂ ಮನೆಯವರು ಇವತ್ತಿಗೂ ಕೇಳುತ್ತಲೇ ಇದ್ದಾರೆ.

ಆರನೆಯ ಮನೆ ದೊಡ್ಡಬಸಪ್ಪನವರದು. ಕುರುಗೋಡಿನವರು, ಅರವತ್ತು ದಾಟಿದ್ದರು. ಮೂವತ್ತು ವರ್ಷ ಬಳ್ಳಾರಿಯಲ್ಲಿ ತಗಡಿನ ಕೆಲಸದ ಅಂಗಡಿ ಇಟ್ಟು, ಆಗಷ್ಟೇ ಅದನ್ನು ಮುಚ್ಚಿ ಹೆಂಡತಿ ಗಂಗಮ್ಮನ ಜೊತೆ ಊರಿಗೆ ಹೋಗಿ ಅಣ್ಣನ ಮನೆಯ ಒಂದು ಭಾಗದಲ್ಲಿ ಇದ್ದರು. ಕುಳ್ಳಗಿನ ಆಳು, ಕೈ ಮಾತ್ರ ದೊಡ್ಡವು, ಬೇರೆ ಯಾರದ್ದೋ ಎರವಲು ತಂದ ಹಾಗೆ. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಹಗಲೊತ್ತು ನಳ ಬಂದ್ರ ನೀರು ಹಿಡಿಯಾಕ ಮನ್ಯಾಗ ಯಾರರ ಇರ್ತಾರೇನವ್ವಾ?"

ನಮ್ಮವ್ವ ಬರ್ತಾಳೆ ಅಂದೆ. ಹಾಗಾದರೆ ಆಯಿತು ಅಂತ ಕೀಲಿ ಕೊಟ್ಟರು. ಆ ಹೊತ್ತಿನಲ್ಲಿ ನನಗೆ ಅಳು ಬಂದಿತ್ತು ಅಂದರೆ ಬಾಡಿಗೆ ಮನೆ ಸಲೀಸಾಗಿ ಸಿಕ್ಕವರಿಗೆ ಅರ್ಥವಾಗಲಿಕ್ಕಿಲ್ಲ.

ಕರಾರು ಎರಡಿದ್ದವು. ಪಡಸಾಲೆಯ ಗೋಡೆಯ ಮಾಡದಲ್ಲಿ ಅವರ ಮನೆದೇವರಿತ್ತು. ಅಣ್ಣನ ಮನೆಯಲ್ಲಿ ಆಗಲೇ ದೇವರ ಜಗಲಿ ಇದ್ದದ್ದರಿಂದ ಇದನ್ನು ಇಲ್ಲೇ ಬಿಟ್ಟಿದ್ದರು. ಪೂಜೆ ಮಾಡಬೇಕಂತಿಲ್ಲ, ಅದರ ಮುಂದೆ ಚಪ್ಪಲಿ ಮೆಟ್ಟಬಾರದು, ಅಷ್ಟೆ. ಎರಡನೆಯದು ಕೂಲರಿನದು. ಪಡಸಾಲೆಯ ಕಿಟಕಿಯ ಪಕ್ಕ ಎದೆಮಟ್ಟದ ತಗಡಿನ ಕೂಲರು ನಿಂತಿತ್ತು, ಅವರೇ ಕೈಯಾರೆ ಮಾಡಿದ್ದು. ಅಂಚು ಮಡಿಸಿದ ರೀತಿ, ಜಾಲರಿ ಕೂಡಿಸಿದ ರೀತಿ, ಎಲ್ಲೂ ಒಂದು ಗೀರಿರಲಿಲ್ಲ. ಆ ಹಳೆಯ ಮನೆಗೆ ಅರ್ಥಿಂಗ್ ಇರಲಿಲ್ಲ. ಅದಕ್ಕೇ ಅವರು ಕೂಲರಿನ ಮೈಯಿಂದ ಒಂದು ಹಸಿರು ವೈರು ಎಳೆದು, ಕಿಟಕಿಯಿಂದ ಹೊರಗೆ ಇಳಿಸಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹುಗಿದ ಕಬ್ಬಿಣದ ಸರಳಿಗೆ ಕಟ್ಟಿದ್ದರು. ಒಗೆದ ನೀರು ಬಿದ್ದು ಆ ಜಾಗ ಸದಾ ಹಸಿ ಇರುತ್ತಿತ್ತು. ಎಲ್ಲಿಯಾದರೂ ಕರೆಂಟು ಸೋರಿದರೆ ನೆಲಕ್ಕೆ ಹೋಗಲಿ, ಮನುಷ್ಯರಿಗೆ ಬೇಡ ಅನ್ನುವ ಲೆಕ್ಕ. ಕೆಟ್ಟರೆ ನನಗೆ ಫೋನ್ ಮಾಡ್ರಿ, ಬೇರೆ ಕೈ ತಾಕಿಸಬೇಡಿ ಅಂದರು. ಬಾಂಡ್ ಪೇಪರಿನಲ್ಲಿ ಟೈಪಿಸ್ಟು ಎಂದಿನಂತೆ, ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದು, ದೊಡ್ಡ ರಿಪೇರಿ ಮಾಲೀಕರದು ಅಂತ ಹೊಡೆದಿದ್ದ. ದೊಡ್ಡಬಸಪ್ಪನವರು ಅದರ ಕೆಳಗೆ ಪೆನ್ನಿನಿಂದ ಕೂಲರಿನ ಮಾತನ್ನೂ ಬರೆಸಿದರು. ನಾನು ಸಹಿ ಹಾಕಿದೆ.

ಯುಗಾದಿ ಆದ ಮೇಲೆ ಅವ್ವನ ಬಲಗಣ್ಣಿನ ಪೊರೆ ತೆಗೆಸಿದೆ. ಬೆವರು ಕಣ್ಣಿಗೆ ಇಳಿಯಬಾರದು, ಧೂಳು ಬೀಳಬಾರದು ಅಂತ ಡಾಕ್ಟರು ಹೇಳಿ ಕಳಿಸಿದರು. ಬಳ್ಳಾರಿಯಲ್ಲಿ ಇರುವುದೇ ಎರಡು ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಗೆಯಾಡುತ್ತಾರೆ. ನಾವು ಎರಡನೆಯದರ ನಡುಮಧ್ಯದಲ್ಲಿದ್ದೆವು. ಹನ್ನೊಂದು ಗಂಟೆಗೆಲ್ಲ ಗೋಡೆ ಮುಟ್ಟಿದರೆ ಬಿಸಿ. ಗುಡ್ಡದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಊರಿನ ಮೇಲೆ ಉಗುಳುತ್ತಿತ್ತು. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಕೂಲರಿನ ಮುಂದೆ ಕೂತು, ಗದ್ದೆಯ ಬದುವಿನ ಮೇಲೆ ಕೂತ ಹಾಗೈತಿ ಅನ್ನುತ್ತಿದ್ದಳು. ಜೀವಮಾನವಿಡೀ ನಾಟಿ ಹಚ್ಚಿದವಳು, ತಣ್ಣಗಿದ್ದರೆ ಅವಳಿಗೆ ಗದ್ದೆಯೇ ನೆನಪು.

ಆಪರೇಷನ್ ಆಗಿ ವಾರವಾಗಿರಲಿಲ್ಲ, ಕೂಲರಿನೊಳಗೆ ನೀರೆತ್ತುವ ಸಣ್ಣ ಪಂಪು ಸುಟ್ಟುಹೋಯಿತು. ಫ್ಯಾನು ತಿರುಗುತ್ತಿತ್ತು, ಹುಲ್ಲು ಒಣಗಿತ್ತು, ಬರುವುದೆಲ್ಲ ಬಿಸಿಗಾಳಿ. ಕರಾರಿನಂತೆ ಫೋನ್ ಮಾಡಿದೆ. ದೊಡ್ಡಬಸಪ್ಪನವರ ಅತ್ತಿಗೆ ಹಿಂದಿನ ದಿನವೇ ತೀರಿಕೊಂಡಿದ್ದರು. ಕಾರ್ಯ ಮುಗಿಯುವ ತನಕ ಊರು ಬಿಡುವ ಹಾಗಿಲ್ಲ, ಒಂದ್ ಹತ್ತು ದಿನ ತಡಕೋ ಯವ್ವಾ ಅಂದರು. ಮೂರು ದಿನ ತಡೆದುಕೊಂಡೆ. ನಾಲ್ಕನೆಯ ದಿನ ಅವ್ವನ ಕಣ್ಣು ಕೆಂಪಗಾಗಿ ನೀರು ಸುರಿಯತೊಡಗಿತು. ಬೀದಿಯ ಕೊನೆಯಲ್ಲಿ ಮಿಕ್ಸಿ ರಿಪೇರಿ ಮಾಡುವವನನ್ನು ಕರೆದುಕೊಂಡು ಬಂದೆ. ಪಂಪು ಸಣ್ಣಪುಟ್ಟ ರಿಪೇರಿಯೇ ಅಲ್ಲವೇ, ಬಾಂಡ್ ಪೇಪರಿನ ಪ್ರಕಾರ ನನ್ನದೇ ಅಲ್ಲವೇ ಅಂತ ನನಗೆ ನಾನೇ ವಕೀಲಳಾದೆ. ಪೆನ್ನಿನಲ್ಲಿ ಬರೆಸಿದ ಸಾಲನ್ನು ಮಾತ್ರ ಮನಸ್ಸಿಗೆ ತಂದುಕೊಳ್ಳಲಿಲ್ಲ.

ಅವನು ಹೊಸ ಪಂಪು ಕೂಡಿಸಿ, ವೈರುಗಳನ್ನು ಗಂಟು ಹಾಕಿ ಕೆಂಪು ಟೇಪು ಸುತ್ತಿದ. ಗಂಟು ನೀರಿನ ತೊಟ್ಟಿಯ ಅಂಚಿಗೇ ಬಂದಿತ್ತು. ಕೂಲರನ್ನು ಹಿಂದಕ್ಕೆ ತಿರುಗಿಸಲು ಹಸಿರು ವೈರು ಅಡ್ಡ ಬಂತು. ನೆಲಕ್ಕ ಹೋಗೋ ವೈರು, ಇದರಾಗ ಕರೆಂಟ ಇಲ್ಲ, ಸುಮ್ನ ಐತಿ ಅಂತ ಇಕ್ಕಳದಿಂದ ಕತ್ತರಿಸಿದ. ನಾನು ಅಲ್ಲೇ ನಿಂತಿದ್ದೆ. ಜೋತಾಡುತ್ತಿದ್ದ ತುದಿ ಕಣ್ಣಿಗೆ ಚೆಂದ ಕಾಣಲಿಲ್ಲವೆಂದು ಅದನ್ನು ಕೂಲರಿನ ಹಿಂದಿನ ಸಂದಿಗೆ ನಾನೇ ಸಿಕ್ಕಿಸಿದೆ. ಮುಂದಿನಿಂದ ನೋಡಿದರೆ ವೈರು ಮೊದಲಿನ ಹಾಗೇ ಕಾಣುತ್ತಿತ್ತು. ತಂಪು ಗಾಳಿ ಬಂತು, ಅವ್ವನ ಕಣ್ಣು ತಿಳಿಯಾಯಿತು. ದೊಡ್ಡಬಸಪ್ಪನವರು ಕಾರ್ಯ ಮುಗಿಸಿ ಫೋನ್ ಮಾಡಿದಾಗ, ತಾನಾಗೇ ಸರಿ ಹೋತ್ರಿ ಅಂದೆ. ಮೊದಲ ಸುಳ್ಳು ಅದು. ಅದು ಬಾಯಿಂದ ಹೊರಟದ್ದು ಎಷ್ಟು ಸಲೀಸಾಗಿತ್ತೆಂದರೆ ನನಗೇ ಗೊತ್ತಾಗಲಿಲ್ಲ.

ಸ್ವಲ್ಪ ದಿನಕ್ಕೆ ಕೂಲರು ಮುಟ್ಟಿದರೆ ಬೆರಳು ಜುಮ್ಮೆನ್ನತೊಡಗಿತು. ಮೊದಲು ಇರುವೆ ಕಚ್ಚಿದಷ್ಟು, ಆಮೇಲೆ ಮೊಣಕೈ ತನಕ. ಜುಮ್ಮೆನ್ನುವುದು ಸಣ್ಣ ರಿಪೇರಿಯೋ ದೊಡ್ಡ ರಿಪೇರಿಯೋ? ಬಾಂಡ್ ಪೇಪರಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಫೋನ್ ಮಾಡಿದರೆ ಅವರು ಬರುತ್ತಾರೆ, ಪಕ್ಕದ ಜಾಲರಿ ತೆಗೆಯುತ್ತಾರೆ, ಹೊಸ ಪಂಪು ನೋಡುತ್ತಾರೆ. ಯಾಕೆ ಫೋನ್ ಮಾಡಿಲ್ಲ ಅಂತ ಅವ್ವ ಕೇಳಿದ್ದಕ್ಕೆ ಇದನ್ನೇ ಹೇಳಿದೆ.

"ಹೇಳು. ನಾವ ಮಾಡಿಸಿದ್ವಿ ಅಂತ ಹೇಳಿದ್ರ ಏನ್ ಗಲ್ಲಿಗೆ ಹಾಕ್ತಾರಾ?" ಅಂದಳು ಅವ್ವ.

"ಮನಿ ಬಿಡಸ್ತಾರ. ಈ ಬಿಸಲಾಗ ನಿನ್ನ ಕಣ್ಣು ಕಟ್ಟಿಕೊಂಡು ಮತ್ತ ಆರು ಮನಿ ತಿರುಗ್ಲೇನು?"

ನಾನು ಒಂದು ಉಪಾಯ ಹುಡುಕಿದೆ. ಹೊಸ ಹವಾಯಿ ಚಪ್ಪಲಿ ತಂದು ಕೂಲರಿನ ಬುಡದಲ್ಲಿ ಇಟ್ಟೆ. ಮುಟ್ಟುವಾಗ ಮೆಟ್ಟಿಕೊಂಡು ಮುಟ್ಟಬೇಕು, ಬಿಟ್ಟು ಬರಬೇಕು. ನಾವು ಅದಕ್ಕೆ ಕೂಲರಿನ ಚಪ್ಪಲಿ ಅಂತಲೇ ಕರೆದೆವು. ದೇವರ ಮಾಡ ಎದುರಿಗೇ ಇತ್ತು. ಒಂದು ಕರಾರು ಮುರಿದದ್ದನ್ನು ಮುಚ್ಚಲು ಎರಡನೆಯದನ್ನೂ ಮುರಿದೆ. ಲ್ಯಾಬಿನಲ್ಲಿ ದಿನಕ್ಕೆ ಐವತ್ತು ಮಂದಿಯ ರಕ್ತ ನೋಡಿ ಎಲ್ಲಿ ಏನು ಕೆಟ್ಟಿದೆ ಅಂತ ಬರೆದುಕೊಡುವವಳು ಮನೆಯ ಕೂಲರಿಗೆ ಚಪ್ಪಲಿ ತೊಡಿಸಿ ವಾಸಿಯಾಯಿತು ಅಂದುಕೊಂಡೆ.

ಅವ್ವ ಮಾತ್ರ ಆ ಚಪ್ಪಲಿ ಮೆಟ್ಟಲಿಲ್ಲ. ಅಡುಗೆಮನೆಯ ಮಣೆ ತಂದು ಅದರ ಮೇಲೆ ನಿಂತು ನೀರು ತುಂಬುತ್ತಿದ್ದಳು. ದೇವರು ನಮ್ಮದಲ್ಲವಲ್ಲ, ನಿನಗ್ಯಾಕೆ ಇಷ್ಟು ಮಡಿ ಅಂತ ನಾನು ರೇಗಿದೆ.

"ದೇವ್ರು ನಮ್ದಲ್ಲ, ಖರೆ," ಅಂದಳು. "ಮಾತು ನಮ್ದಲ್ಲೇನು?"

ಮೇ ತಿಂಗಳು ಹೀಗೇ ಕಳೆಯಿತು. ರೋಹಿಣಿ ಮಳೆಯ ಮೋಡ ಕಟ್ಟಿಕೊಂಡು ಸೆಕೆ ಇನ್ನೂ ಹೆಚ್ಚಾದ ಒಂದು ಮಧ್ಯಾಹ್ನ, ನೀರು ಚೆಲ್ಲಿ ನೆನೆದ ಮಣೆಯ ಮೇಲೆ ನಿಂತಿದ್ದ ಅವ್ವನ ಕೈಯನ್ನು ಕೂಲರು ಝಾಡಿಸಿ ಎಸೆಯಿತು. ಸ್ಟೀಲಿನ ಕೊಡ ಉರುಳಿತು. ಅವ್ವ ಗೋಡೆಗೆ ಒರಗಿ ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ನನ್ನನ್ನೇ ನೋಡಿದಳು. ಪ್ಲಗ್ ಕಿತ್ತೆ. ಫೋನ್ ಮಾಡಿದೆ. ಕೂಲರು ಸ್ವಲ್ಪ ಕರೆಂಟ ಹೊಡೀತೈತ್ರಿ ಅಂದೆ. ಅವತ್ತೂ ನನ್ನ ಬಾಯಲ್ಲಿ ಬಂದ ಮಾತು ಸ್ವಲ್ಪ ಅಂತಲೇ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ದೊಡ್ಡಬಸಪ್ಪನವರು ಬಂದರು. ಮಾಲೀಕರು ಬರುತ್ತಾರೆಂದು ಅವ್ವ ಎದ್ದವಳೇ ಪಡಸಾಲೆ ಸಾರಿಸಿದ ಹಾಗೆ ಒರೆಸಿದ್ದಳು. ಮಾಡದ ಮುಂದೆ ದೀಪ ಹಚ್ಚಿದ್ದಳು. ನೆಲ ಇನ್ನೂ ಆರಿರಲಿಲ್ಲ. ಅವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮಾಡಕ್ಕೆ ಕೈ ಮುಗಿದು, ಕೂಲರಿನ ಎದುರು ನಿಂತರು. ಪ್ಲಗ್ ಹಾಕಲು ಹೇಳಿದರು. ಹಾಕಿ, ಸ್ವಿಚ್ಚು ಒತ್ತಿ ಬಂದೆ. ನಾನು ಕೂಲರಿನ ಚಪ್ಪಲಿಯನ್ನು ಕಾಲಿನಿಂದ ಅವರ ಕಡೆ ಸರಿಸಿ, ಮೆಟ್ಟಿಕೊಂಡು ಮುಟ್ರಿ ಅಂದೆ. ಅವರು ಚಪ್ಪಲಿ ನೋಡಿದರು, ಮಾಡ ನೋಡಿದರು. ಬಗ್ಗಿ ಕಿಟಕಿಯಿಂದ ಹೊರಗೆ ಹೋದ ಹಸಿರು ವೈರನ್ನು ಕಣ್ಣಿನಲ್ಲೇ ಹಿಂಬಾಲಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಬ್ಯಾರೆ ಕೈ ತಾಕೇತೇನವ್ವಾ ಇದಕ್ಕ?"

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕಡೆ ನೋಡಲಿಲ್ಲ.

"ಇಲ್ರಿ ಯಜಮಾನ್ರ," ಅಂದೆ.

ಅವರ ಮುಖ ಸಡಿಲಾಯಿತು. "ಹಂಗಾರ ಅಂಜಬ್ಯಾಡ್ರಿ. ಇದು ನಾ ಮಾಡಿದ್ದು, ಹಂಗೆಲ್ಲ ಹಿಡಿಯಂಗಿಲ್ಲ," ಅಂದರು. ನಮ್ಮ ಅಂಜಿಕೆ ಹೋಗಲಿ ಅಂತಲೇ, ಮಕ್ಕಳಿಗೆ ತೋರಿಸುವ ಹಾಗೆ, ಬಲಗೈ ಅಂಗೈಯನ್ನು ಅಗಲವಾಗಿ ತಗಡಿನ ಅಂಚಿನ ಮೇಲೆ ಇಟ್ಟರು.

ಆ ದೊಡ್ಡ ಕೈ ಅಂಚನ್ನು ಮುಷ್ಟಿ ಕಟ್ಟಿ ಹಿಡಿಯಿತು, ಬಿಡಲಿಲ್ಲ. ನಾನು ಸ್ವಿಚ್ಚಿನ ತನಕ ಹೋಗಲು ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯನ್ನು ಈಗಲೂ ನಡೆಯುತ್ತಿರುತ್ತೇನೆ.

ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದರು. ಅಂಗೈ ಸುಟ್ಟು, ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಒಳಕ್ಕೆ ಬಗ್ಗಿ ಹಾಗೇ ನಿಂತುಬಿಟ್ಟವು. ಎರಡನೆಯ ದಿನ ನಾನು ಹೋದಾಗ ಅವರೇ ಮಾತು ತೆಗೆದರು. ನಾನು ಆ ಮಾತಿಗೆ ತಯಾರಾಗಿ ಹೋಗಿರಲಿಲ್ಲ.

"ತಪ್ಪು ನಂದವ್ವಾ. ಎಲ್ಲೋ ನನ್ನ ಕೈಯಾಗ ಗಂಟು ಸಡ್ಲ ಉಳದೈತಿ. ನಿಮ್ಮವ್ವಗ ಏನರ ಆಗಿದ್ರ ನಾ ಯಾ ಮಖ ತೋರಿಸ್ತಿದ್ದೆ? ನನಗ ಹಿಡಿದದ್ದ ಚೊಲೊ ಆತು."

ಆಗ ಹೇಳಬೇಕಿತ್ತು. ಗಂಗಮ್ಮ ಪಕ್ಕದಲ್ಲೇ ಕೂತು ಅವರಿಗೆ ಎಳನೀರು ಕುಡಿಸುತ್ತಿದ್ದರು. ನಾಳೆ ಹೇಳೋಣ ಅಂದುಕೊಂಡೆ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ, ಒಳಗೇ ಕೂತು ಕೊಳೆಯುತ್ತದೆ. ಆ ವಾರವೇ ಅವರ ಅಣ್ಣನ ಮಗ ಬಂದು ಕೂಲರನ್ನು ಗುಜರಿಗೆ ಹಾಕಿದ. ಯಾರೂ ಜಾಲರಿ ತೆಗೆದು ಒಳಗೆ ನೋಡಲಿಲ್ಲ. ನೋಡಿರೆಂದು ನಾನೂ ಅನ್ನಲಿಲ್ಲ. ಕೆಂಪು ಟೇಪು ಸುತ್ತಿದ ಗಂಟು ತಳ್ಳುಗಾಡಿಯ ಮೇಲೆ ಕುಲುಕುತ್ತ ಹೋದದ್ದನ್ನು ಬಾಗಿಲಲ್ಲಿ ನಿಂತು ನೋಡಿದೆ.

ಮೃಗಶಿರ ಮಳೆ ಹನಿಯುವ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ದೊಡ್ಡಬಸಪ್ಪನವರು ಕೈಗೆ ಪಟ್ಟಿ ಕಟ್ಟಿಕೊಂಡೇ ಬಳ್ಳಾರಿಯ ಬೀದಿ ಬೀದಿ ತಿರುಗಿ, ತಾವು ಹಿಂದೆ ಮಾಡಿಕೊಟ್ಟ ಕೂಲರುಗಳಿದ್ದ ಮನೆಗಳಿಗೆಲ್ಲ ಹೋಗಿ, ಇದನ್ನು ಹಚ್ಚಬೇಡಿ, ನನ್ನ ಕೆಲಸದ ಮೇಲೆ ನನಗೇ ಭರವಸೆ ಇಲ್ಲ ಅಂತ ಹೇಳುತ್ತಿದ್ದಾರಂತೆ. ನಮ್ಮ ಬೀದಿಯ ಒಬ್ಬಾಕೆ ನಗುತ್ತ ಹೇಳಿದಳು, ಮುದುಕಗ ತಲಿಗೂ ಕರೆಂಟ ಹೊಡದೈತಿ ಅಂತ. ಅವ್ವ ಅವತ್ತು ಊಟ ಮಾಡಲಿಲ್ಲ. ಮನೆ ಉಳಿಯಲಿ ಅಂತ ಸುಳ್ಳು ಹೇಳಿದವಳಿಗೆ ಆ ಮನೆಯಲ್ಲಿ ಇರಲಾಗಲಿಲ್ಲ. ಲ್ಯಾಬಿನವರು ಸಿರುಗುಪ್ಪದಲ್ಲಿ ಹೊಸ ಶಾಖೆ ತೆಗೆದಾಗ ಕೇಳಿ ಅಲ್ಲಿಗೆ ವರ್ಗ ಮಾಡಿಸಿಕೊಂಡು ಬಂದುಬಿಟ್ಟೆ. ಕೀಲಿಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಬಂದೆ. ಕೂಲರಿನ ಚಪ್ಪಲಿಯನ್ನು ಎಸೆಯಲು ಅವ್ವ ಬಿಡಲಿಲ್ಲ. ಇರಲಿ, ನೋಡ್ಕೋತ ಇರು ಅಂದಳು. ಹೋದ ವರ್ಷ ಅವ್ವ ತೀರಿಕೊಂಡಳು. ಚಪ್ಪಲಿ ಇದೆ.

ಆ ಅಂಗಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಏನ್ ಬೇಕಮ್ಮ ಅಂತ ಅಂಗಡಿಯವನು ಎರಡು ಸಲ ಕೇಳಿದ. ಬಸ್ ನಿಲ್ದಾಣಕ್ಕೆ ಬಂದು ಸಿರುಗುಪ್ಪದ ಬಸ್ಸು ಹತ್ತಬೇಕಾದವಳು ಕುರುಗೋಡಿನ ಬಸ್ಸು ಹತ್ತಿದೆ.

ಕುರುಗೋಡಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಗಂಗಮ್ಮ ಗುರುತು ಹಿಡಿದು, ಬಾ ಯವ್ವಾ, ನಿಮ್ಮವ್ವ ಹೆಂಗದಾಳ ಅಂತ ಕೇಳಿದರು. ಹೇಳಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಧ್ಯಾಹ್ನದ ಬಿಸಿಲಿಗೆ ಮನೆ ಕುದಿಯುತ್ತಿತ್ತು. ದೊಡ್ಡಬಸಪ್ಪನವರು ಎಡಗೈಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದರು. ಮೂಲೆಯಲ್ಲಿ ಹಳೆಯ ಸೀರೆ ಹೊದಿಸಿದ ಕೂಲರು ನಿಂತಿತ್ತು. ಅದೂ ಅವರೇ ಮಾಡಿದ್ದು, ಮೂರು ವರ್ಷದಿಂದ ಹಚ್ಚಿಲ್ಲ ಅಂದರು ಗಂಗಮ್ಮ.

ಕೂತುಕೊಳ್ಳದೆ, ನಿಂತೇ ಎಲ್ಲ ಹೇಳಿದೆ. ಪಂಪು, ಮಿಕ್ಸಿಯವನು, ಕೆಂಪು ಟೇಪು, ಕತ್ತರಿಸಿದ ಹಸಿರು ವೈರು, ಅದನ್ನು ಸಂದಿಗೆ ಸಿಕ್ಕಿಸಿದ್ದು. ನೀವು ಕೇಳಿದಾಗ ಇಲ್ಲ ಅಂದದ್ದು. ನಡುವೆ ಅಳಬಾರದೆಂದು ನಿಶ್ಚಯ ಮಾಡಿಕೊಂಡು ಹೋಗಿದ್ದೆ, ಅಳಲಿಲ್ಲ. ಅಳುವ ಹಕ್ಕು ನನ್ನದಾಗಿರಲಿಲ್ಲ.

ದೊಡ್ಡಬಸಪ್ಪನವರು ಬೀಸಣಿಗೆ ಕೆಳಗಿಟ್ಟರು. ಒಂದೇ ಪ್ರಶ್ನೆ ಕೇಳಿದರು.

"ಆ ಗಂಟು, ನೀರಿಗಿಂತ ಮ್ಯಾಲಿತ್ತೋ, ಕೆಳಗಿತ್ತೋ?"

"ಅಂಚಿಗೇ ಇತ್ರಿ. ಕೊಡ ಪೂರಾ ಹಾಕಿದ್ರ ಮುಣಗತಿತ್ತು."

ತಲೆದೂಗಿದರು. ಹೆಂಡತಿಯ ಕಡೆ ತಿರುಗಿ, "ನಂದಲ್ಲಂತ," ಅಂದರು, ಬೇರೆ ಯಾರದ್ದೋ ಸುದ್ದಿ ಹೇಳುವ ಹಾಗೆ.

ಗಂಗಮ್ಮ ನನ್ನ ಮುಖ ನೋಡಲಿಲ್ಲ. "ಮೂರು ವರ್ಷ ಇವರು ಮನ್ಯಾಗ ಒಂದು ಮೊಳಿ ಹೊಡೆಯಾಕೂ ಬ್ಯಾರೇರನ್ನ ಕರೆದ್ರು," ಅಂದರು. "ಒಂದು ಮಾತು ಹೇಳಾಕ ನಿನಗ ಮೂರು ವರ್ಷ ಬೇಕಾತೇನು?"

ಐದು ಮನೆ ತಿರುಗಿದ ಕಥೆ, ಅವ್ವನ ಕಣ್ಣಿನ ಕಥೆ ನಾಲಿಗೆಯ ತುದಿಯ ತನಕ ಬಂದವು, ನುಂಗಿಕೊಂಡೆ. ಅವು ನಿಜವೇ. ಆದರೆ ನನ್ನನ್ನು ಯಾವ ಮಂದಿ ಅಂತ ಕೇಳದ ಒಬ್ಬರೇ ಒಬ್ಬ ಮಾಲೀಕರ ಮುಂದೆ ಅವನ್ನು ಹೇಗೆ ಹೇಳಲಿ?

ದೊಡ್ಡಬಸಪ್ಪನವರು ಎದ್ದು ಕೂಲರಿನ ಮೇಲಿನ ಸೀರೆ ತೆಗೆದರು. ನೀರು ತರಲು ಹೇಳಿದರು. ಗಂಗಮ್ಮ ಎರಡು ಕೊಡ ತಂದು ಸುರಿದರು, ಹುಲ್ಲಿನ ಮೇಲೂ ಚೊಂಬಿನಿಂದ ಎರಚಿದರು. ಅದೇ ವಾಸನೆ ಮನೆ ತುಂಬಿತು. ನೆಲದ ಮೇಲೆ ನೀರು ಚೆಲ್ಲಿತ್ತು, ಅವರು ಬರಿಗಾಲಲ್ಲಿದ್ದರು. ಸ್ವಿಚ್ಚು ಹಾಕಿದರು. ಬಾಗಿಲಿಗೆ ಓಡಿ ನನ್ನ ಚಪ್ಪಲಿಯನ್ನು ಕೈಯಲ್ಲಿ ಎತ್ತಿಕೊಂಡು ಬಂದು ಅವರ ಕಾಲ ಬಳಿ ಇಟ್ಟೆ.

"ಬ್ಯಾಡವ್ವಾ," ಅಂದರು. "ಇದು ನಾ ಮಾಡಿದ್ದು."

ಬಲಗೈಯನ್ನು ತಗಡಿನ ಮೇಲೆ ಇಟ್ಟರು. ಏನೂ ಆಗಲಿಲ್ಲ. ಕೂಲರು ಗುಂಯ್ ಅಂತ ತಿರುಗುತ್ತಿತ್ತು, ಹುಲ್ಲಿನಿಂದ ನೀರು ಇಳಿಯುತ್ತಿತ್ತು. ಅವರು ಅಂಗೈಯನ್ನು ಇನ್ನಷ್ಟು ಒತ್ತಿದರು, ಇನ್ನೂ ಒತ್ತಿದರು. ಬಗ್ಗಿದ ಆ ಎರಡು ಬೆರಳು ತಗಡಿಗೆ ತಾಕಲೇ ಇಲ್ಲ.